ಟಿಮ್ಮಿನ್ಸ್‌ಗೆ ಬರಲಾ ಅಂತ ಕೇಳಿದ ಹಟ್ಟಿಯ ತಮ್ಮನಿಗೆ

ತಮ್ಮ, ನಿನ್ನ ಮೆಸೇಜ್ ಓದಿದೆ. ಹಟ್ಟಿ ಚಿನ್ನದ ಗಣಿಯಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಕೆನಡಾಕ್ಕೆ ಓದಲು ಬಂದು, ಈಗ ಬ್ರಾಂಪ್ಟನ್ನಿನ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೀಯ. ವರ್ಕ್ ಪರ್ಮಿಟ್ ಮುಗಿಯಲು ಒಂದೂವರೆ ವರ್ಷ ಇದೆ. ನಾನಿರುವ ಟಿಮ್ಮಿನ್ಸ್‌ಗೆ, ಅಂದರೆ ಒಂಟಾರಿಯೊ ಪ್ರಾಂತ್ಯದ ಉತ್ತರದ ಈ ಚಿನ್ನದ ಗಣಿ ಊರಿಗೆ, ಬಂದರೆ ಗಣಿ ಕೆಲಸ ಸಿಗುತ್ತಾ, ಚಿನ್ನ ಮುಗಿದರೆ ಕೆಜಿಎಫ್ ಥರ ಊರೇ ಬರಿದಾಗುತ್ತಾ, ಊರಿಂದ ಹೆಂಡತಿ ಮಗುವನ್ನು ಕರೆಸಿಕೊಂಡರೆ ಬಾಳುವೆ ಮಾಡಲು ಆಗುತ್ತಾ ಅಂತ ಕೇಳಿದ್ದೀಯ.

ಬಾ ಅಂತಲೇ ಹೇಳುತ್ತೇನೆ. ಆದರೆ ಒಂದು ವಿಷಯ ತಿಳಿದುಕೊಂಡು ಬಾ. ಇಲ್ಲಿ ನೆಲದಲ್ಲಿ ಚಿನ್ನ ಇನ್ನೂ ಇದೆ. ಅದನ್ನು ತೆಗೆಯಬೇಕೋ ಹಾಗೇ ಬಿಡಬೇಕೋ ಅಂತ ತೀರ್ಮಾನ ಮಾಡುವುದು ಬೆಲೆ. ನಿನ್ನ ಕೆಲಸ, ಬಾಡಿಗೆ, ಮನೆ ರೇಟು, ಮಗುವಿನ ಶಾಲೆಯಲ್ಲಿ ಎಷ್ಟು ಮಕ್ಕಳು ಇರುತ್ತಾರೆ ಅನ್ನುವುದು, ಎಲ್ಲಾ ಆ ಬೆಲೆಯ ಹಿಂದೆಯೇ ಹೋಗುತ್ತದೆ.

ನಾನು ಬಂಗಾರಪೇಟೆ ಕಡೆಯವನು. ಸೋದರಮಾವ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದರು. ಹಾಗಾಗಿ ನಿನ್ನ ಕೆಜಿಎಫ್ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅಲ್ಲಿ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಚಿನ್ನ ಖಾಲಿ ಆಯಿತು ಅಂತ ಜನ ಸುಲಭವಾಗಿ ಹೇಳಿಬಿಡುತ್ತಾರೆ. ಅಷ್ಟೇ ಆಗಿದ್ದರೆ ಕಥೆ ಸರಳ. ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು, ಅಲ್ಲಿಂದ ಒಂದು ಟನ್ ಕಲ್ಲು ಮೇಲೆ ತರಲು, ಗಾಳಿ ಕಳಿಸಲು, ನೀರು ಎತ್ತಲು ಆಗುವ ಖರ್ಚು ನಿನಗೆ ನಾನು ಹೇಳಬೇಕಿಲ್ಲ. ಮೊದಲಿನ ಕಾಲದ ಶ್ರೀಮಂತ ಅದಿರು ಮುಗಿದು, ಸಿಗುವ ಚಿನ್ನ ಟನ್ನಿಗೆ ಕೆಲವೇ ಗ್ರಾಂಗೆ ಇಳಿದಿತ್ತು. ಅದರ ಮೇಲೆ ಆ ವರ್ಷ ಲೋಕದ ಮಾರುಕಟ್ಟೆಯಲ್ಲಿ ಒಂದು ಔನ್ಸಿಗೆ, ಅಂದರೆ 31 ಗ್ರಾಂ ಚಿಲ್ಲರೆಗೆ, 300 ಡಾಲರ್ ಕೂಡ ಇರಲಿಲ್ಲ. ಇಪ್ಪತ್ತು ವರ್ಷದಲ್ಲೇ ಅತಿ ಕೆಟ್ಟ ಬೆಲೆಯ ಹೊತ್ತಲ್ಲಿ ಬಾಗಿಲು ಹಾಕಿದರು. 2025ರ ಅಕ್ಟೋಬರಿನಲ್ಲಿ ಅದೇ ಔನ್ಸ್ 4,000 ಡಾಲರ್ ದಾಟಿತು. ಇನ್ನು ಗ್ರಾಂ ಲೆಕ್ಕ ನೋಡು. ಟಿಮ್ಮಿನ್ಸ್‌ನ ಈಶಾನ್ಯಕ್ಕೆ ಡಿಟೂರ್ ಲೇಕ್ ಅಂತ ಒಂದು ಗಣಿ ಇದೆ, ಅಲ್ಲಿ ಟನ್ನಿಗೆ 1 ಗ್ರಾಂ ಕೂಡ ಸಿಗುವುದಿಲ್ಲ, ಆದರೂ ಅದು ಕೆನಡಾದ ದೊಡ್ಡ ಚಿನ್ನದ ಗಣಿಗಳಲ್ಲಿ ಒಂದು. ಯಾಕೆ? ಅದು ತೆರೆದ ಗಣಿ, ಮನೆಯಷ್ಟು ಎತ್ತರದ ಟ್ರಕ್ಕುಗಳು ಮೇಲಿನಿಂದಲೇ ಬಾಚಿ ತರುತ್ತವೆ. ಆಳ, ಖರ್ಚು, ಬೆಲೆ ಈ ಮೂರನ್ನೂ ಒಟ್ಟಿಗೆ ನೋಡಬೇಕು.

ಈಗ ಟಿಮ್ಮಿನ್ಸ್ ಕಥೆಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಇಂಟರ್‌ವ್ಯೂನಲ್ಲಿ ಕೂಡ ಕೆಲಸಕ್ಕೆ ಬರುತ್ತದೆ, ಓದು.

ಇದು ಕ್ರೀ ಮತ್ತು ಒಜಿಬ್ವೆ ಜನರ ನೆಲ. 1905, 1906ರಲ್ಲಿ ಸರ್ಕಾರ ಅವರ ಜೊತೆ ಟ್ರೀಟಿ 9 ಅನ್ನುವ ಒಪ್ಪಂದ ಮಾಡಿಕೊಂಡಿತು. ಮೂರು ವರ್ಷದಲ್ಲಿ, 1909ರಲ್ಲಿ, ಚಿನ್ನ ಸಿಕ್ಕಿತು. ಯಾರ ಜೇಬಿಗೆ ಏನು ಬಂತು ಅಂತ ನೀನೇ ಊಹಿಸಿಕೋ. ಪಾರ್ಕ್ಯುಪೈನ್ ಸರೋವರದ ಸುತ್ತ ಅದೇ ವರ್ಷ ಮೂರು ದೊಡ್ಡ ಗಣಿಗಳ ಜಾಗ ಗೊತ್ತಾಯಿತು: ಡೋಮ್, ಹಾಲಿಂಗರ್, ಮ್ಯಾಕಿಂಟೈರ್. ಡೋಮ್ ಬಗ್ಗೆ ಇಲ್ಲಿನವರು ಹೇಳುವ ಕಥೆ ಏನೆಂದರೆ, ಒಬ್ಬ ಬಂಡೆ ಮೇಲೆ ಜಾರಿದ, ಅವನ ಬೂಟು ಪಾಚಿಯನ್ನು ಕೆರೆದುಹಾಕಿತು, ಕೆಳಗೆ ಬೆಣಚುಕಲ್ಲಿನಲ್ಲಿ ಚಿನ್ನ ಕಾಣಿಸಿತು. ಬೆನ್ನಿ ಹಾಲಿಂಗರ್ ಹೇಲಿಬರಿ ಅನ್ನುವ ಊರಲ್ಲಿ ಕ್ಷೌರದ ಕೆಲಸ ಮಾಡುತ್ತಿದ್ದ ಹುಡುಗ. ಅವನೂ ಅವನ ಜೊತೆಗಾರ ಅಲೆಕ್ಸ್ ಗಿಲ್ಲೀಸ್‌ನೂ ಗುರುತು ಹಾಕಿದ ಜಾಗಗಳನ್ನು ನಾಣ್ಯ ಚಿಮ್ಮಿ ಹಂಚಿಕೊಂಡರು. ಬೆನ್ನಿಯ ಪಾಲನ್ನು ಟಿಮ್ಮಿನ್ಸ್ ಸಹೋದರರು 3,30,000 ಡಾಲರಿಗೆ ಕೊಂಡರು. ಅವರು ಆಗಲೇ ಕೋಬಾಲ್ಟ್ ಊರಿನ ಬೆಳ್ಳಿ ಗಣಿಯಲ್ಲಿ ದುಡ್ಡು ಮಾಡಿದ್ದವರು. ಬೆನ್ನಿಯ ಹೆಸರಿನ ಹಾಲಿಂಗರ್ ಗಣಿ 1968ರವರೆಗೆ ನಡೆದು 1 ಕೋಟಿ 90 ಲಕ್ಷ ಔನ್ಸಿಗೂ ಜಾಸ್ತಿ ಚಿನ್ನ ಕೊಟ್ಟಿತು. ಸ್ಯಾಂಡಿ ಮ್ಯಾಕಿಂಟೈರ್ ಗತಿ ಇನ್ನೂ ಕೆಟ್ಟದು. ಲೋಕದ ದೊಡ್ಡ ಗಣಿಗಳಲ್ಲಿ ಒಂದಕ್ಕೆ ಅವನ ಹೆಸರಿದೆ, ಅವನು ತನ್ನ ಪಾಲನ್ನು ಕೆಲವು ನೂರು ಡಾಲರಿಗೆ ಮಾರಿಕೊಂಡಿದ್ದ.

1911ರಲ್ಲಿ ರೈಲು ಬಂತು. ಅದೇ ಜುಲೈ 11ಕ್ಕೆ ಕಾಡ್ಗಿಚ್ಚು ಬಂದು ಎಲ್ಲವನ್ನೂ ಸುಟ್ಟಿತು, ಜನ ಸರೋವರದ ನೀರಿಗೆ ಇಳಿದು ನಿಂತರು, ಸರ್ಕಾರಿ ಲೆಕ್ಕದಲ್ಲೇ 73 ಜನ ಸತ್ತರು. ಮುಂದಿನ ವರ್ಷ, 1912ರಲ್ಲಿ, ನೋವಾ ಟಿಮ್ಮಿನ್ಸ್ ತನ್ನ ಗಣಿಯ ಕೆಲಸಗಾರರಿಗಾಗಿ ಹೊಸ ಊರು ಕಟ್ಟಿದ. ಊರಿಗೆ ಹೆಸರು ಅವನದು. ಅವನು ವಾಸ ಇದ್ದದ್ದು ಮಾಂಟ್ರಿಯಲ್‌ನಲ್ಲಿ. ಅದೇ ವರ್ಷದ ಕೊನೆಗೆ ಕೆಲಸಗಾರರ ಮುಷ್ಕರ ಆಯಿತು, ಕಂಪನಿಗಳೇ ಗೆದ್ದವು.

ಆಮೇಲೆ ಬೆಲೆಯ ಆಟ ಶುರು. 1930ರ ದಶಕದಲ್ಲಿ ಇಡೀ ಕೆನಡಾ ಕೆಲಸ ಇಲ್ಲದೆ ಒದ್ದಾಡುತ್ತಿತ್ತು. 1934ರಲ್ಲಿ ಅಮೆರಿಕ ಚಿನ್ನದ ಬೆಲೆಯನ್ನು ಔನ್ಸಿಗೆ 20.67 ಡಾಲರಿನಿಂದ 35ಕ್ಕೆ ಏರಿಸಿತು. ಟಿಮ್ಮಿನ್ಸ್‌ಗೆ ಜನ ಹರಿದು ಬಂದರು. ಕ್ವಿಬೆಕ್‌ನ ಫ್ರೆಂಚರು, ಫಿನ್‌ಲೆಂಡಿನವರು, ಉಕ್ರೇನಿನವರು, ಇಟಲಿಯವರು, ಕ್ರೊಯೇಷಿಯಾದವರು. ಪಕ್ಕದ ಶುಮಾಕರ್ ಬಡಾವಣೆಯಲ್ಲಿ ಕ್ರೊಯೇಷಿಯನ್ನರೇ ಜಾಸ್ತಿ ಇದ್ದರು. ಲೋಕ ಹಸಿದಿದ್ದಾಗ ಈ ಊರು ಉಂಡಿತು. ಆಮೇಲೆ ಅದೇ 35 ಡಾಲರ್ ಉರುಳಾಯಿತು. ಕೂಲಿ ಏರಿತು, ಸಾಮಾನಿನ ಬೆಲೆ ಏರಿತು, ಚಿನ್ನದ ಬೆಲೆ ಮಾತ್ರ 35ರಲ್ಲೇ ಕೂತಿತು, ಯಾಕೆಂದರೆ ಅದನ್ನು ನಿಗದಿ ಮಾಡಿದ್ದು ಸರ್ಕಾರಗಳು. 1948ರಲ್ಲಿ ಕೆನಡಾ ಸರ್ಕಾರ ಗಣಿಗಳಿಗೆ ಸಹಾಯಧನ ಕೊಡುವ ಕಾನೂನು ತಂದು ಉಸಿರು ಉಳಿಸಿತು. ಆದರೂ 1968ಕ್ಕೆ ಹಾಲಿಂಗರ್ ಮುಚ್ಚಿತು. ಮೂರೇ ವರ್ಷಕ್ಕೆ ಅಮೆರಿಕ ಆ ಕಟ್ಟು ಬಿಚ್ಚಿತು, 1980ರ ಜನವರಿಯಲ್ಲಿ ಬೆಲೆ 850 ಡಾಲರ್ ಮುಟ್ಟಿತು. ಇನ್ನು ಹತ್ತು ವರ್ಷ ತಡೆದಿದ್ದರೆ ಅಂತ ಹಳಬರು ಇವತ್ತಿಗೂ ಅನ್ನುತ್ತಾರೆ. ತಡೆಯಲು ದುಡ್ಡು ಯಾರು ಕೊಡುತ್ತಿದ್ದರು?

ಹಾಲಿಂಗರ್ ಮುಚ್ಚಿದಾಗ ಊರು ಮುಳುಗಬೇಕಿತ್ತು. ಮುಳುಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಬೇರೆಯದೇ ಒಂದು ಸಿಕ್ಕಿತ್ತು. 1963ರ ಕೊನೆಯಲ್ಲಿ ಟೆಕ್ಸಸ್ ಗಲ್ಫ್ ಸಲ್ಫರ್ ಅನ್ನುವ ಅಮೆರಿಕನ್ ಕಂಪನಿ ಊರಿನ ಉತ್ತರಕ್ಕೆ ಕಿಡ್ ಅನ್ನುವಲ್ಲಿ ಒಂದು ರಂಧ್ರ ಕೊರೆಯಿತು. ತಾಮ್ರ, ಸತು, ಬೆಳ್ಳಿ ಒಟ್ಟಿಗೇ ಸಿಕ್ಕವು. ಕಂಪನಿ ಬಾಯಿ ಮುಚ್ಚಿಕೊಂಡು ಸುತ್ತಲಿನ ಜಮೀನು ಕೊಂಡಿತು, ಒಳಗಿನ ಕೆಲವರು ಸದ್ದಿಲ್ಲದೆ ಷೇರು ಕೊಂಡರು, 1964ರ ಏಪ್ರಿಲ್‌ನಲ್ಲಿ ಸುದ್ದಿ ಹೊರಬಿತ್ತು. ಅಮೆರಿಕದಲ್ಲಿ ಆ ಷೇರಿನ ಕೇಸು ಎಷ್ಟು ದೊಡ್ಡದಾಯಿತು ಅಂದರೆ ಕಾನೂನು ಓದುವ ಹುಡುಗರು ಈಗಲೂ ಅದನ್ನು ಓದುತ್ತಾರೆ. 1966ರಲ್ಲಿ ಗಣಿ ಶುರುವಾಯಿತು, ಆಮೇಲೆ ಊರ ಪೂರ್ವಕ್ಕೆ ಲೋಹ ಕರಗಿಸುವ ಕಾರ್ಖಾನೆ ಬಂತು. ಎರಡು ತಲೆಮಾರು ಅದರ ಮೇಲೆ ಬದುಕಿದೆ. ಕಿಡ್ ಗಣಿ ಈಗ ಸುಮಾರು 3 ಕಿಲೋಮೀಟರ್ ಆಳ, ನಮ್ಮ ಚಾಂಪಿಯನ್ ರೀಫ್ ಹತ್ತಿರ ಹತ್ತಿರ. ಅದರೊಳಗೆ 2.4 ಕಿಲೋಮೀಟರ್ ಆಳದಲ್ಲಿ ಬಂಡೆಯ ಬಿರುಕಿನಿಂದ ಸುರಿಯುವ ನೀರನ್ನು ಟೊರೊಂಟೊ ವಿಶ್ವವಿದ್ಯಾಲಯದ ಬಾರ್ಬರಾ ಶೆರ್‌ವುಡ್ ಲೋಲರ್ ತಂಡ ಪರೀಕ್ಷೆ ಮಾಡಿ, ಅದು ನೂರು ಕೋಟಿ ವರ್ಷಕ್ಕೂ ಹಿಂದಿನದು ಅಂತ 2013ರಲ್ಲಿ ಹೇಳಿತು. ಇದು ನಿನ್ನ ಪ್ರಶ್ನೆಗೆ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.

ಸಂಬಂಧ ಇರುವುದು ಇದು: ಆ ಲೋಹದ ಕಾರ್ಖಾನೆಯನ್ನು 2010ರಲ್ಲಿ ಮುಚ್ಚಿದರು. ನೂರಾರು ಜನರ ಕೆಲಸ ಹೋಯಿತು. ತಾಮ್ರದ ಅದಿರು ಕ್ವಿಬೆಕ್‌ಗೆ ಹೋಗತೊಡಗಿತು. ಕಿಡ್ ಗಣಿ ಕೂಡ ಈಗ ಕೊನೆ ಹಂತದಲ್ಲಿದೆ. ಡೋಮ್‌ನ ಒಳಗಣಿ 2017ರ ಕೊನೆಗೆ ನಿಂತಿತು, ನೂರು ವರ್ಷಕ್ಕಿಂತ ಜಾಸ್ತಿ ನಡೆದ ಮೇಲೆ. ಇಷ್ಟಾದರೂ ಊರಿನ ಜನಸಂಖ್ಯೆ 2021ರ ಗಣತಿಯಲ್ಲಿ 41,145. ಹಿಂದಿನ ಗಣತಿಗಿಂತ ಕೆಲವು ನೂರು ಕಡಿಮೆ, ಅಷ್ಟೇ. ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ.

ಯಾಕೆ ಸಾಯುವುದಿಲ್ಲ ಅನ್ನುವುದಕ್ಕೆ ನನ್ನ ಲೆಕ್ಕ ಹೇಳುತ್ತೇನೆ. ಕೆಜಿಎಫ್‌ನಲ್ಲಿ ಒಂದೇ ಪಟ್ಟಿ, ಒಂದೇ ಕಂಪನಿ, ಅದು ನಿಂತರೆ ಎಲ್ಲಾ ನಿಂತ ಹಾಗೆ. ಇಲ್ಲಿಂದ ಕ್ವಿಬೆಕ್‌ನ ವಾಲ್‌ದೋರ್‌ವರೆಗೆ ಅಬಿಟಿಬಿ ಅನ್ನುವ ಹಳೆಯ ಬಂಡೆಗಳ ದೊಡ್ಡ ಪಟ್ಟಿ ಇದೆ. ಕೋಲಾರದ ಬಂಡೆಯೂ ಇದೂ ಹೆಚ್ಚುಕಮ್ಮಿ ಒಂದೇ ವಯಸ್ಸು, 270 ಕೋಟಿ ವರ್ಷದ ಸುಮಾರು. ಆ ಪಟ್ಟಿಯ ಉದ್ದಕ್ಕೂ ಒಂದು ಗಣಿ ಮುಚ್ಚಿದಾಗ ಇನ್ನೊಂದು ತೆರೆದಿರುತ್ತದೆ. ಡೋಮ್ ಒಳಗಣಿ ನಿಂತರೂ ಅದಿರು ಪುಡಿ ಮಾಡಿ ಚಿನ್ನ ತೆಗೆಯುವ ಡೋಮ್‌ನ ಮಿಲ್ ನಿಲ್ಲಲಿಲ್ಲ, ಹಾಯ್ಲ್ ಪಾಂಡ್ ಗಣಿಯ ಅದಿರು ಅಲ್ಲಿಗೆ ಬರುತ್ತದೆ, ದೂರದ ಚಾಪ್ಲೋ ಹತ್ತಿರದ ಬೋರ್ಡನ್ ಗಣಿಯಿಂದ ಟ್ರಕ್ಕುಗಳಲ್ಲಿ ಕೂಡ ಬರುತ್ತದೆ. ಮಿಲ್ ಇರುವವರೆಗೂ ಸಣ್ಣ ಗಣಿ ತೆರೆಯುವುದು ಸುಲಭ. ಡ್ರಿಲ್ ರಿಪೇರಿ ಮಾಡುವವರು, ಹೋಸ್ ಮಾರುವವರು, ಮಾದರಿ ಕಲ್ಲು ಪರೀಕ್ಷೆ ಮಾಡುವ ಲ್ಯಾಬ್, ಇವರೆಲ್ಲ ಊರಲ್ಲೇ ಇದ್ದಾರೆ. ಅದಲ್ಲದೆ ಜೇಮ್ಸ್ ಬೇ ಕರಾವಳಿಯ ಹಳ್ಳಿಗಳ ಜನ ದೊಡ್ಡ ಕಾಯಿಲೆಗೆ, ಓದಿಗೆ, ಅಂಗಡಿಗೆ ಇಲ್ಲಿಗೇ ಬರುತ್ತಾರೆ. ಆಸ್ಪತ್ರೆ, ಕಾಲೇಜು, ಸರ್ಕಾರಿ ಕಚೇರಿಗಳ ಸಂಬಳ ಚಿನ್ನದ ಬೆಲೆ ನೋಡಿಕೊಂಡು ಬರುವುದಿಲ್ಲ.

ಆದರೆ ಕೆಜಿಎಫ್‌ಗೆ ಇರುವ ಒಂದು ಅನುಕೂಲ ಇಲ್ಲಿ ಇಲ್ಲ. ಗಣಿ ಹೋದ ಮೇಲೆ ಅಲ್ಲಿನ ಜನ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬದುಕಿಕೊಂಡರು. ಇಲ್ಲಿಂದ ಹತ್ತಿರದ ದೊಡ್ಡ ಊರು ಸಡ್ಬರಿ, 300 ಕಿಲೋಮೀಟರ್ ಹತ್ತಿರ. ಟೊರೊಂಟೊ 700. ಕೆಲಸ ಹೋದರೆ ಮನೆ ಬಿಟ್ಟೇ ಹೋಗಬೇಕು. ಅದಕ್ಕೇ ಮೊದಲ ವರ್ಷವೇ ಮನೆ ಕೊಳ್ಳಬೇಡ ಅನ್ನುತ್ತೇನೆ, ಬ್ಯಾಂಕಿನವರು ಎಷ್ಟೇ ಸಲೀಸಾಗಿ ಸಾಲ ಕೊಟ್ಟರೂ. ಚಿನ್ನ ಏರಿದಾಗ ಮನೆಯೂ ಏರಿರುತ್ತದೆ. ಇಳಿದಾಗ ಕೊಳ್ಳುವವರೇ ಇರುವುದಿಲ್ಲ. ಕೊಳ್ಳುವ ದಿನ ಬಂದಾಗ ಕೆಳಗೆ ಹಳೆಯ ಗಣಿ ಇದೆಯಾ ಅಂತ ನೋಡು. ಒಂಟಾರಿಯೊ ಸರ್ಕಾರದ ಹತ್ತಿರ ಬಿಟ್ಟುಹೋದ ಗಣಿಗಳ ಪಟ್ಟಿ ಇದೆ. ಊರಿನ ಮಧ್ಯದಲ್ಲೇ ಬೇಲಿ ಹಾಕಿದ ಜಾಗ ಕಂಡರೆ ಅದು ಸುಮ್ನೆ ಹಾಕಿದ ಬೇಲಿ ಅಲ್ಲ.

ಊರು ಗಣಿಗೆ ಎಷ್ಟು ತಲೆಬಾಗುತ್ತದೆ ಅನ್ನುವುದಕ್ಕೆ ಒಂದು ವಿಷಯ ಹೇಳುತ್ತೇನೆ. ಹಾಡುಗಾರ್ತಿ ಶನಾಯಾ ಟ್ವೈನ್ ಇಲ್ಲಿ ಬೆಳೆದವರು. ಅವರ ಹೆಸರಲ್ಲಿ 2001ರಲ್ಲಿ ಒಂದು ಸಂಗ್ರಹಾಲಯ ಕಟ್ಟಿದರು, ನಿರೀಕ್ಷೆ ಮಾಡಿದಷ್ಟು ಜನ ಬರಲಿಲ್ಲ. 2013ರಲ್ಲಿ ಜಾಗವನ್ನು ಗಣಿ ಕಂಪನಿಗೆ ಮಾರಿದರು, ಕಟ್ಟಡ ಕೆಡವಿದರು, ಹಾಲಿಂಗರ್‌ನ ಹಳೆಯ ಗಣಿಯನ್ನು ಈ ಸಲ ಮೇಲಿನಿಂದ ತೆರೆದು ಅಗೆದರು. 1968ರಲ್ಲಿ ಲಾಭ ಇಲ್ಲ ಅಂತ ಬಿಟ್ಟುಹೋದ ಅದೇ ಜಾಗ. ಊರ ಮಗ್ಗುಲಲ್ಲೇ ಸ್ಫೋಟ, ಸದ್ದು ತಡೆಯಲು ದೊಡ್ಡ ಮಣ್ಣಿನ ದಿಬ್ಬ. ಹೇಳಿದೆನಲ್ಲ, ಬೆಲೆ ಅಂತ.

ಕಂಪನಿಗಳ ಹೆಸರು ಬದಲಾಗುತ್ತಲೇ ಇರುತ್ತವೆ, ಅದಕ್ಕೆ ಗಾಬರಿ ಆಗಬೇಡ. ಪಾರ್ಕ್ಯುಪೈನ್ ಗಣಿಗಳು ಗೋಲ್ಡ್‌ಕಾರ್ಪ್ ಕೈಲಿದ್ದವು, 2019ರಲ್ಲಿ ನ್ಯೂಮಾಂಟ್ ಕೊಂಡಿತು, 2025ರಲ್ಲಿ ಡಿಸ್ಕವರಿ ಸಿಲ್ವರ್‌ಗೆ ಮಾರಿತು. ಊರಿನ ಪಶ್ಚಿಮದ ಗಣಿ ಪ್ಯಾನ್ ಅಮೆರಿಕನ್ ಸಿಲ್ವರ್‌ದು. ಡಿಟೂರ್ ಆಗ್ನಿಕೊ ಈಗಲ್‌ದು, ಅಲ್ಲಿ ಕ್ಯಾಂಪಿನಲ್ಲೇ ಉಳಿದು ಕೆಲಸ ಮಾಡಿ ಬರಬೇಕು. ಗೇಟಿನ ಬೋರ್ಡು ಬದಲಾಗುತ್ತದೆ, ಒಳಗೆ ಹೋಗುವವರು ಅವರೇ.

ಇನ್ನು ಆರೋಗ್ಯದ ವಿಷಯ. ನಿನ್ನ ವಯಸ್ಸಲ್ಲಿ ಯಾರೂ ಕೇಳುವುದಿಲ್ಲ, ನೀನೂ ಕೇಳಿಲ್ಲ, ಆದರೂ ಹೇಳುತ್ತೇನೆ. 1928ರ ಫೆಬ್ರವರಿ 10ಕ್ಕೆ ಹಾಲಿಂಗರ್ ಒಳಗೆ ಬೆಂಕಿ ಬಿದ್ದು 39 ಜನ ಹೊಗೆಗೆ ಸತ್ತರು. ಆಗ ಒಂಟಾರಿಯೊದಲ್ಲಿ ಗಣಿ ರಕ್ಷಣೆಯ ಪಡೆಯೇ ಇರಲಿಲ್ಲ, ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ರೈಲಿನಲ್ಲಿ ಕರೆಸಬೇಕಾಯಿತು. ಅದಾದ ಮೇಲೆಯೇ ಇಲ್ಲಿ ರಕ್ಷಣಾ ಕೇಂದ್ರಗಳು ಬಂದವು. ಇವತ್ತು ಪ್ರತಿ ಗಣಿಯಲ್ಲಿ ತರಬೇತಿ ಪಡೆದ ತಂಡ ಇರುತ್ತದೆ, ಅವಕಾಶ ಸಿಕ್ಕರೆ ನೀನು ಸೇರಿಕೋ, ಮರ್ಯಾದೆ ಇರುವ ಕೆಲಸ.

ಬೆಂಕಿ ಒಂದು ದಿನದ್ದು. ಧೂಳು ದಿನಾಲೂ ಇರುವುದು. ಬೆಣಚುಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರುತ್ತದೆ ಅಂತ ನಿನಗೆ ಗೊತ್ತು, ಕೆಜಿಎಫ್‌ನಲ್ಲಿ ಅದನ್ನು ನೋಡದ ಮನೆ ಕಡಿಮೆ. ಇಲ್ಲಿ ಏನು ಮಾಡಿದರು ಗೊತ್ತಾ? ಮ್ಯಾಕಿಂಟೈರ್ ಗಣಿಯಲ್ಲಿ ಅಲ್ಯುಮಿನಿಯಂ ಪುಡಿ ತಯಾರಿಸಿ, ಅದನ್ನು ಉಸಿರಲ್ಲಿ ಎಳೆದುಕೊಂಡರೆ ಸಿಲಿಕೋಸಿಸ್ ಬರುವುದಿಲ್ಲ ಅಂತ ಹೇಳಿದರು. ಪಾಳಿಗೆ ಮೊದಲು ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಹಾಕಿ ಕಪ್ಪು ಪುಡಿ ಊದುತ್ತಿದ್ದರು, ಜನ ಕೂತು ಉಸಿರಾಡಬೇಕಿತ್ತು. 1943ರಿಂದ 1979ರವರೆಗೆ ನಡೆಯಿತು. ಬೇರೆ ದೇಶದ ಗಣಿಗಳಿಗೂ ಈ ಪುಡಿ ಹೋಯಿತು. ಅದನ್ನು ಉಸಿರಾಡಿದವರಿಗೆ ಪಾರ್ಕಿನ್ಸನ್ ಕಾಯಿಲೆ ಬಂದರೆ ಅದು ಕೆಲಸದಿಂದ ಬಂದದ್ದು ಅಂತ ಒಂಟಾರಿಯೊ ಒಪ್ಪಿಕೊಂಡಿದ್ದು 2022ರಲ್ಲಿ. ಅದೂ ಒಬ್ಬ ಗಣಿ ಕೆಲಸಗಾರನ ಮಗಳು ವರ್ಷಗಟ್ಟಲೆ ಹಟ ಹಿಡಿದು ಹೆಸರುಗಳನ್ನು ಕೂಡಿಸಿದ ಮೇಲೆ. ಈಗಿನ ಗಣಿಗಳಲ್ಲಿ ಹಾಗಿಲ್ಲ. ಗಾಳಿ ಚೆನ್ನಾಗಿದೆ, ನೀರು ಹಾಕದೆ ಕೊರೆಯುವ ಹಾಗಿಲ್ಲ, ಅಪಾಯ ಕಂಡರೆ ಕೆಲಸ ಮಾಡುವುದಿಲ್ಲ ಅನ್ನುವ ಹಕ್ಕು ಕಾನೂನಿನಲ್ಲೇ ಇದೆ. ಆ ಹಕ್ಕನ್ನು ಬಳಸು. ವೀಸಾ ಕಾಗದದ ಭಯಕ್ಕೆ ಬಾಯಿ ಮುಚ್ಚಿಕೊಂಡು ಇರುವ ಹುಡುಗರನ್ನು ನೋಡಿದ್ದೇನೆ. ಮಾಸ್ಕ್ ಸರಿಯಾಗಿ ಹಾಕಿಕೋ. ಏನು ಉಸಿರಾಡಿದೆ, ಯಾವ ಜಾಗ, ಯಾವ ವರ್ಷ ಅಂತ ಒಂದು ಪುಸ್ತಕದಲ್ಲಿ ಬರೆದಿಡು.

ಕೆಲಸ ಹೇಗೆ ಸಿಗುತ್ತದೆ ಅಂತ ಕೇಳಿದೆ. ಒಳಗಣಿಗೆ ಇಳಿಯಬೇಕಾದರೆ ಒಂಟಾರಿಯೊದಲ್ಲಿ ಕಾಮನ್ ಕೋರ್ ಅನ್ನುವ ತರಬೇತಿ ಕಡ್ಡಾಯ. ಹಟ್ಟಿಯ ಅನುಭವ ಇದ್ದರೂ ಅದನ್ನು ಮಾಡಲೇಬೇಕು. ಇಲ್ಲಿನ ನಾರ್ದರ್ನ್ ಕಾಲೇಜಿನ ಕೆಳಗೆ ಹೇಲಿಬರಿ ಸ್ಕೂಲ್ ಆಫ್ ಮೈನ್ಸ್ ಇದೆ, 1912ರಿಂದ ಇರುವ ಶಾಲೆ, ನಮ್ಮ ಊರಗಾಂನ ಸ್ಕೂಲ್ ಆಫ್ ಮೈನ್ಸ್ ಇದ್ದ ಹಾಗೆ. ಅಲ್ಲಿ ಕೇಳು. ಹೊಸಬರನ್ನು ಗಣಿ ಕಂಪನಿ ನೇರವಾಗಿ ತೆಗೆದುಕೊಳ್ಳುವುದು ಕಡಿಮೆ, ಮೊದಲು ಕಾಂಟ್ರಾಕ್ಟರ್ ಹತ್ತಿರ ಸೇರಬೇಕು. ಸಂಬಳ ಪರವಾಗಿಲ್ಲ, ಕೆಲಸ ಒರಟು, ಪಾಳಿ 12 ಗಂಟೆ. ಏಳು ದಿನ ಕೆಲಸ ಏಳು ದಿನ ರಜೆ, ಹದಿನಾಲ್ಕು ಹದಿನಾಲ್ಕು, ಹೀಗೆ ಇರುತ್ತದೆ. ರಜೆಯ ವಾರ ಸಿಕ್ಕಿತು ಅಂತ ಖುಷಿ ಪಡುವವರು, ಮಗುವಿನ ಹುಟ್ಟುಹಬ್ಬಕ್ಕೆ ಕ್ಯಾಂಪಿನಲ್ಲಿ ಇರಬೇಕಾಗುತ್ತದೆ ಅನ್ನುವುದನ್ನು ಆಮೇಲೆ ಲೆಕ್ಕ ಹಾಕುತ್ತಾರೆ.

ನನ್ನನ್ನು ಕೇಳಿದರೆ ಬರೀ ಮೈನರ್ ಆಗಿ ಉಳಿಯಬೇಡ. ಡೀಸೆಲ್ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ಕಾರ್ಖಾನೆಯ ಯಂತ್ರ ಜೋಡಿಸಿ ರಿಪೇರಿ ಮಾಡುವ ಮಿಲ್‌ರೈಟ್, ಇವುಗಳಲ್ಲಿ ಒಂದು ಹಿಡಿ. ನಾನು ದೊಡ್ಡ ಯಂತ್ರಗಳ ಮೆಕ್ಯಾನಿಕ್. ಇಲ್ಲಿ ಅದಕ್ಕೆ 421ಎ ಅನ್ನುವ ಲೈಸೆನ್ಸ್ ಇದೆ, ರೆಡ್ ಸೀಲ್ ಕೂಡ ಬಂದರೆ ಇಡೀ ಕೆನಡಾದಲ್ಲಿ ನಡೆಯುತ್ತದೆ. ನಾಳೆ ಚಿನ್ನದ ಬೆಲೆ ಬಿದ್ದು ಗಣಿ ನಿಂತರೆ ರಸ್ತೆ ಕೆಲಸಕ್ಕೆ, ಮರದ ಮಿಲ್ಲಿಗೆ, ಸಸ್ಕಾಚೆವನ್‌ನ ಪೊಟ್ಯಾಷ್ ಗಣಿಗೆ ಹೋಗಬಹುದು. ಗಣಿಯೊಳಗೆ ಅದಿರು ಬಾಚುವ ಸ್ಕೂಪ್ ಯಂತ್ರ ಓಡಿಸುವುದು ಮಾತ್ರ ಬಂದರೆ ಇನ್ನೊಂದು ಗಣಿಯನ್ನೇ ಹುಡುಕಬೇಕು.

ಪಿಆರ್, ಅಂದರೆ ಇಲ್ಲೇ ಕಾಯಂ ಆಗಿ ಇರುವ ಅನುಮತಿಯ ವಿಷಯ. ಟಿಮ್ಮಿನ್ಸ್ ಈ ಹಿಂದೆ, ಸಣ್ಣ ಊರುಗಳಲ್ಲಿ ಕೆಲಸ ಸಿಕ್ಕವರಿಗೆ ಪಿಆರ್ ದಾರಿ ಕೊಡುವ ಆರ್‌ಎನ್‌ಐಪಿ ಅನ್ನುವ ಯೋಜನೆಯಲ್ಲಿತ್ತು, 2019ರಲ್ಲಿ ಆರಿಸಿದ 11 ಊರುಗಳಲ್ಲಿ ಒಂದು. ಅದು 2024ರಲ್ಲಿ ಮುಗಿಯಿತು. 2025ರಲ್ಲಿ ಅದೇ ಥರದ್ದು ಆರ್‌ಸಿಐಪಿ ಅಂತ ಬಂತು, ಟಿಮ್ಮಿನ್ಸ್ ಅದರಲ್ಲೂ ಇದೆ. ಪಟ್ಟಿಯಲ್ಲಿ ಹೆಸರಿರುವ ಕಂಪನಿಯಿಂದ ಕೆಲಸದ ಪತ್ರ ಬೇಕು, ಜಾಗಗಳು ಬೇಗ ತುಂಬುತ್ತವೆ, ನಿಯಮ ಬದಲಾಗುತ್ತಿರುತ್ತದೆ. ಅದಕ್ಕೆ ಸರ್ಕಾರದ ಪುಟವನ್ನೇ ನೋಡು, ಯಾರೋ ಫಾರ್ವರ್ಡ್ ಮಾಡಿದ್ದನ್ನು ನಂಬಬೇಡ. ದುಡ್ಡು ಕೊಟ್ಟರೆ ಕೆಲಸದ ಪತ್ರ ಕೊಡಿಸುತ್ತೇನೆ ಅಂತ ಬ್ರಾಂಪ್ಟನ್‌ನಲ್ಲಿ ಯಾರಾದರೂ ಹೇಳಿದರೆ ಎದ್ದು ಬಾ. ಅದು ಅಪರಾಧ, ಸಿಕ್ಕಿಬೀಳುವವನು ನೀನು.

ಚಳಿ ಬಗ್ಗೆ ಎಲ್ಲರೂ ಹೆದರಿಸುತ್ತಾರೆ, ನಾನು ಜಾಸ್ತಿ ಹೇಳುವುದಿಲ್ಲ. ಜನವರಿಯಲ್ಲಿ ಮೈನಸ್ 30 ಆಗುವುದು ಮಾಮೂಲು. ಕಾರಿನ ಎಂಜಿನ್‌ಗೆ ಹೀಟರ್ ಇರುತ್ತದೆ, ರಾತ್ರಿ ಪ್ಲಗ್ಗಿಗೆ ಹಾಕಬೇಕು. ಗಣಿಯೊಳಗೆ ಬೆವರಿ, ಒದ್ದೆ ಮೈಯಲ್ಲಿ ಮೇಲೆ ಬಂದು ಆ ಗಾಳಿಗೆ ನಿಲ್ಲಬೇಡ, ಸ್ನಾನ ಮಾಡಿ ಒಣಗಿಕೊಂಡು ಹೊರಗೆ ಬಾ. ಹೆದರಬೇಕಾದದ್ದು ರಸ್ತೆಗೆ. 144 ಮತ್ತು 11ನೇ ಹೆದ್ದಾರಿಯಲ್ಲಿ ರಾತ್ರಿ ಮೂಸ್ ಅಡ್ಡ ಬರುತ್ತದೆ, ಎತ್ತಿಗಿಂತ ದೊಡ್ಡ ಪ್ರಾಣಿ, ಕಪ್ಪು ಮೈ, ಹೆಡ್‌ಲೈಟಿಗೆ ಕಣ್ಣು ಕೂಡ ಸರಿಯಾಗಿ ಹೊಳೆಯುವುದಿಲ್ಲ. ಚಳಿಗಾಲದ ಟೈರು ಹಾಕಿಸದೆ ಬರಬೇಡ. ಮೇ ಕೊನೆಗೆ ಹಿಮ ಹೋಯಿತು ಅಂತ ಹೊರಗೆ ಕಾಲಿಟ್ಟರೆ ಕಪ್ಪು ನೊಣ ಕಚ್ಚುತ್ತವೆ, ನನಗಂತೂ ಚಳಿಗಿಂತ ಅವುಗಳ ಕಾಟವೇ ಜಾಸ್ತಿ.

ನಿನ್ನ ಹೆಂಡತಿ ನರ್ಸಿಂಗ್ ಓದಿದ್ದಾಳೆ ಅಂದೆ. ನಿಜ ಹೇಳಬೇಕೆಂದರೆ ನಿನಗಿಂತ ಅವಳಿಗೇ ಇಲ್ಲಿ ಭವಿಷ್ಯ ಗಟ್ಟಿ. ಉತ್ತರದ ಊರುಗಳ ಆಸ್ಪತ್ರೆಗಳಿಗೆ ನರ್ಸುಗಳು ಸಾಲುವುದಿಲ್ಲ. ಆದರೆ ಒಂಟಾರಿಯೊದಲ್ಲಿ ನೋಂದಣಿ ಆಗಲು ಕಾಗದಪತ್ರ ತುಂಬಾ ಬೇಕು, ಓದಿದ ಕಾಲೇಜಿನಿಂದ, ನರ್ಸಿಂಗ್ ಕೌನ್ಸಿಲ್‌ನಿಂದ ನೇರವಾಗಿ ಬರಬೇಕು. ಆ ಕೆಲಸ ಅವಳು ರಾಯಚೂರಿನಲ್ಲಿ ಇರುವಾಗಲೇ ಶುರು ಮಾಡಿದರೆ ಒಳ್ಳೆಯದು, ಇಲ್ಲಿ ಬಂದ ಮೇಲೆ ಅಲ್ಲಿನ ಕಚೇರಿಗೆ ಓಡಾಡುವವರು ಯಾರು? ಮಗುವಿಗೆ ಇಂಗ್ಲಿಷ್ ಶಾಲೆಯೂ ಇದೆ, ಫ್ರೆಂಚ್ ಶಾಲೆಯೂ ಇದೆ, ಎರಡರಲ್ಲೂ ಸರ್ಕಾರಿ ಮತ್ತು ಕ್ಯಾಥೊಲಿಕ್ ಅಂತ ಎರಡು ಬಗೆ. ಊರಲ್ಲಿ ಫ್ರೆಂಚ್ ಮನೆಮಾತಿನವರು ತುಂಬಾ ಜನ, ಅಂಗಡಿಯಲ್ಲಿ ಎರಡೂ ಕೇಳಿಸುತ್ತದೆ. ಇಂಗ್ಲಿಷ್ ಶಾಲೆಯಲ್ಲೂ ಫ್ರೆಂಚ್ ಇಮ್ಮರ್ಶನ್, ಅಂದರೆ ಪಾಠವನ್ನೇ ಫ್ರೆಂಚ್‌ನಲ್ಲಿ ಹೇಳಿಕೊಡುವ ತರಗತಿ, ಇದೆಯಾ ಅಂತ ಕೇಳು. ಎರಡು ಭಾಷೆ ಬಂದ ಮಕ್ಕಳಿಗೆ ಇಲ್ಲಿ ಸರ್ಕಾರಿ ಕೆಲಸ ಸುಲಭ.

ಕನ್ನಡದವರು ಬೆರಳೆಣಿಕೆ. ಕಾಲೇಜಿಗೆ ಬಂದ ಪಂಜಾಬಿ, ಗುಜರಾತಿ, ಮಲಯಾಳಿ ಹುಡುಗರಿಂದ ಬೇಳೆ, ಅಕ್ಕಿ, ಮಸಾಲೆ ಈಗ ಊರಲ್ಲೇ ಸಿಗುತ್ತದೆ. 2024ರಲ್ಲಿ ವಿದ್ಯಾರ್ಥಿ ವೀಸಾಗೆ ಮಿತಿ ಹಾಕಿದ ಮೇಲೆ ಹೊಸಬರು ಕಡಿಮೆಯಾಗಿದ್ದಾರೆ. ಜೋಳದ ಹಿಟ್ಟು, ರಾಗಿ ಹಿಟ್ಟು ಬ್ರಾಂಪ್ಟನ್‌ನಿಂದಲೇ ತರಬೇಕು. ಒಂಟಿತನ ಇದೆ, ಇಲ್ಲ ಅನ್ನುವುದಿಲ್ಲ, ಅದರಲ್ಲೂ ನೀನು ಕ್ಯಾಂಪಿನಲ್ಲಿದ್ದು ಅವಳು ಹಿಮದಲ್ಲಿ ಮಗು ಜೊತೆ ಒಬ್ಬಳೇ ಇರುವ ವಾರಗಳಲ್ಲಿ. ಅದಕ್ಕೇ ಮೊದಲ ಕೆಲಸ ಕ್ಯಾಂಪಿನದು ಬೇಡ, ಸಂಬಳ ಸ್ವಲ್ಪ ಕಡಿಮೆ ಆದರೂ ದಿನಾ ಮನೆಗೆ ಬರುವಂಥದ್ದು ನೋಡು.

ನಿರ್ಧಾರ ಮಾಡುವ ಮೊದಲು ಒಂದು ಸಲ ಫೆಬ್ರವರಿಯಲ್ಲಿ ಬಂದು ಹೋಗು. ಟೊರೊಂಟೊದಿಂದ ಒಂಟಾರಿಯೊ ನಾರ್ತ್‌ಲ್ಯಾಂಡ್ ಬಸ್ ಇದೆ, ಇಡೀ ದಿನದ ಪ್ರಯಾಣ. ನಮ್ಮ ಮನೆಯಲ್ಲೇ ಉಳಿದುಕೊಳ್ಳಬಹುದು. ಅದಕ್ಕೆ ಮೊದಲು ಇಷ್ಟು ಬರೆದು ಕಳಿಸು: ಹಟ್ಟಿಯಲ್ಲಿ ಮಲ್ಲಪ್ಪ ಶಾಫ್ಟಿನಲ್ಲಿ ಇದ್ದೆಯಾ ಬೇರೆ ಕಡೆಯಾ, ಯಾವ ಯಾವ ಯಂತ್ರ ಮುಟ್ಟಿದ್ದೀಯ, ಸ್ಫೋಟಕದ ಸರ್ಟಿಫಿಕೇಟ್ ಏನಾದರೂ ಇದೆಯಾ, ಅನುಭವ ಪತ್ರ ಕಂಪನಿಯ ಲೆಟರ್‌ಹೆಡ್‌ನಲ್ಲಿ ಇದೆಯಾ. ನೋಡಿ ಯಾವ ಕಾಂಟ್ರಾಕ್ಟರಿಗೆ ಮೊದಲು ಅರ್ಜಿ ಹಾಕಬೇಕು ಅಂತ ಹೇಳುತ್ತೇನೆ.